ತಂದೆಗಳ ಹುಳಿದ್ರಾಕ್ಷಿ: ಅಮೆರಿಕದ ಇತಿಹಾಸ ಬೋಧನೆಯ ಎರಡು ಪಠ್ಯಗಳ ವಿಮರ್ಶೆ

2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ ತುಂಬುತ್ತದೆ. ಈ ಸಂಭ್ರಮದ ಹಿಂದೆಯೇ ಒಂದು ಜಗಳವೂ ಸಾಗಿ ಬಂದಿದೆ. ಆ ದೇಶದ ಶಾಲಾಮಕ್ಕಳಿಗೆ ತಮ್ಮ ದೇಶದ ಕಥೆಯನ್ನು ಯಾವ ವರ್ಷದಿಂದ ಆರಂಭಿಸಿ ಹೇಳಬೇಕು? ಸ್ವಾತಂತ್ರ್ಯ ಘೋಷಣೆಯಾದ 1776ರಿಂದಲೇ, ಅಥವಾ ಆಫ್ರಿಕದ ಗುಲಾಮರು ವರ್ಜೀನಿಯದ ದಡಕ್ಕೆ ಬಂದಿಳಿದ 1619ರಿಂದಲೇ? ಈ ಪ್ರಶ್ನೆಯ ಸುತ್ತ ಎರಡು ಪಠ್ಯಗಳು ಹುಟ್ಟಿವೆ. ಮೊದಲನೆಯದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಾಪ್ತಾಹಿಕ ಸಂಚಿಕೆ 2019ರ ಆಗಸ್ಟ್‌ನಲ್ಲಿ ಹೊರತಂದ ‘1619 ಪ್ರಾಜೆಕ್ಟ್’. ಎರಡನೆಯದು ಅಂದಿನ ಅಧ್ಯಕ್ಷರು ನೇಮಿಸಿದ ಆಯೋಗವೊಂದು 2021ರ ಜನವರಿ 18ರಂದು ಪ್ರಕಟಿಸಿದ ‘1776 ವರದಿ’.

ಗುರುಮಠದ ದೈವಶಾಸ್ತ್ರ ಪತ್ರಿಕೆಯೊಂದಕ್ಕೆ ಈ ಜಗಳದಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ನಮ್ಮ ಉತ್ತರ ಇಷ್ಟೇ. ಈ ಎರಡೂ ಪಠ್ಯಗಳು ಮೇಲ್ನೋಟಕ್ಕೆ ಇತಿಹಾಸ, ಒಳಗೆ ದೈವಶಾಸ್ತ್ರ. ಸೃಷ್ಟಿ, ಒಡಂಬಡಿಕೆ, ಆಯ್ಕೆಗೊಂಡ ಜನಾಂಗ, ಜನ್ಮಪಾಪ, ವಿಮೋಚನೆ ಎಂಬ ನಮ್ಮ ಪದಗಳೇ, ಕೆಲವೊಮ್ಮೆ ಹೆಸರಿನೊಡನೆ ಕೆಲವೊಮ್ಮೆ ಹೆಸರಿಲ್ಲದೆ, ಅವುಗಳ ಬೆನ್ನೆಲುಬಾಗಿವೆ. ನಮ್ಮ ಪದಗಳನ್ನು ಯಾರಾದರೂ ಎರವಲು ಪಡೆದಾಗ ಅವು ಸರಿಯಾಗಿ ಬಳಕೆಯಾಗಿವೆಯೇ ಎಂದು ನೋಡುವುದು ನಮ್ಮ ಹೊಣೆ. ಇಂದಿನ ರಾಜಕೀಯ ಘಟನೆಯನ್ನು ಹಿಡಿದು ಗತಕಾಲವನ್ನು ಬೋಧಿಸುವುದು ನ್ಯಾಯವೇ ಎಂಬ ಪ್ರಶ್ನೆ ಪ್ರತಿ ಭಾನುವಾರ ಪ್ರಬೋಧನಾ ಪೀಠದ ಮುಂದೆ ನಿಲ್ಲುವವರ ಪ್ರಶ್ನೆಯೂ ಹೌದು.

1. ಜನ್ಮಪಾಪವಿದೆ, ವರಪ್ರಸಾದವಿದೆಯೇ?

1619ರ ಆಗಸ್ಟ್ ತಿಂಗಳಿನಲ್ಲಿ ‘ವೈಟ್ ಲಯನ್’ ಎಂಬ ಇಂಗ್ಲಿಷ್ ಹಡಗು ವರ್ಜೀನಿಯದ ಪಾಯಿಂಟ್ ಕಂಫರ್ಟ್‌ಗೆ ಬಂತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರಿದ್ದರು. ಅಂಗೋಲದ ಲುವಾಂಡದಿಂದ ಹೊರಟಿದ್ದ ಪೋರ್ಚುಗೀಸ್ ಗುಲಾಮ ಹಡಗಿನಿಂದ ಅವರನ್ನು ದೋಚಿ ತರಲಾಗಿತ್ತು. ಈ ಘಟನೆಯ ನಾನೂರನೆಯ ವರ್ಷದಲ್ಲಿ ಪತ್ರಕರ್ತೆ ನಿಕೋಲ್ ಹ್ಯಾನಾ-ಜೋನ್ಸ್ ಅವರ ಮುಂದಾಳುತನದಲ್ಲಿ ಬಂದ ಲೇಖನಮಾಲೆಯ ವಾದವೆಂದರೆ, ಗುಲಾಮಗಿರಿಯನ್ನು ಅಮೆರಿಕದ ಕಥೆಯ ಅಂಚಿನಿಂದ ನಡುವಿಗೆ ತರಬೇಕು, ಇಂದಿನ ಆಸ್ಪತ್ರೆ, ಸೆರೆಮನೆ, ಹೆದ್ದಾರಿ, ಬ್ಯಾಂಕು ಎಲ್ಲವುಗಳಲ್ಲಿಯೂ ಅದರ ಜಾಡನ್ನು ಗುರುತಿಸಬೇಕು ಎಂಬುದು. ಪುಲಿಟ್ಜರ್ ಸೆಂಟರ್ ಇದನ್ನು ಶಾಲೆಗಳ ಪಾಠವಾಗಿ ಸಿದ್ಧಪಡಿಸಿತು. ಮೊದಲ ಪ್ರಬಂಧಕ್ಕೆ ಹ್ಯಾನಾ-ಜೋನ್ಸ್ ಅವರಿಗೆ 2020ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಆ ಪ್ರಬಂಧವನ್ನು ದೇಶದ್ರೋಹದ ಬರಹವೆಂದು ಜರಿದವರಲ್ಲಿ ಹಲವರು ಅದರ ಮೊದಲ ಪುಟವನ್ನೂ ಓದಿದಂತೆ ಕಾಣುವುದಿಲ್ಲ. ಅದು ತೊಡಗುವುದೇ ಲೇಖಕಿಯ ತಂದೆ ತಮ್ಮ ಮನೆಯ ಮುಂದೆ ಹಾರಿಸುತ್ತಿದ್ದ ರಾಷ್ಟ್ರಧ್ವಜದಿಂದ. ತನ್ನನ್ನು ಅಷ್ಟು ಹೀನಾಯವಾಗಿ ಕಂಡ ದೇಶದ ಧ್ವಜವನ್ನು ತಂದೆ ಏಕೆ ಅಷ್ಟು ಶ್ರದ್ಧೆಯಿಂದ ಕಾಪಾಡಿದರು ಎಂಬುದು ಬಾಲ್ಯದಲ್ಲಿ ಆಕೆಗೆ ನಾಚಿಕೆಯ ಸಂಗತಿಯಾಗಿತ್ತು. ಪ್ರಬಂಧದ ಕೊನೆಗೆ ಆಕೆ ತಂದೆಯೇ ಸರಿ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸ್ವಾತಂತ್ರ್ಯ ಘೋಷಣೆಯ ಆದರ್ಶಗಳು ಬರೆದಾಗ ಸುಳ್ಳಾಗಿದ್ದವು, ಅವನ್ನು ನಿಜ ಮಾಡಲು ಹೋರಾಡಿದವರು ಕರಿಯರು ಎಂಬುದು ಪ್ರಬಂಧದ ತಿರುಳು. ಮನೆ ಕಟ್ಟುವವರು ತಳ್ಳಿದ ಕಲ್ಲೇ ಮೂಲೆಗಲ್ಲಾಯಿತೆಂಬ ಪವಿತ್ರಗ್ರಂಥದ ಚಿತ್ರ ಇಲ್ಲಿ ಹೆಸರಿಲ್ಲದೆ ಕೆಲಸ ಮಾಡುತ್ತಿದೆ. ಈ ಬರಹದ ನಿಜವಾದ ಬಲ ಇದು.

ಅದರ ಕುಂದು ಬೇರೆ ಕಡೆ ಇದೆ. ಕರಿಯರ ದ್ವೇಷವು ಆ ದೇಶದ ಡಿಎನ್ಎಯಲ್ಲಿಯೇ ಇದೆ ಎಂಬ ರೂಪಕವನ್ನು ಲೇಖಕಿ ಬಳಸುತ್ತಾರೆ. ಪತ್ರಿಕೆಯ ಭಾಷೆಯಲ್ಲಿ ಇದು ಸಾಮಾನ್ಯ ಮಾತು. ಆದರೆ ಸಂತ ಅಗಸ್ಟೀನರನ್ನು ಓದಿದವರು ಇಲ್ಲಿ ನಿಲ್ಲಬೇಕಾಗುತ್ತದೆ. ಮಾನಿಯ ಅನುಯಾಯಿಗಳ ವಿರುದ್ಧ ಅವರು ಬದುಕಿಡೀ ಸಾಧಿಸಿದ ಮಾತೆಂದರೆ, ಕೆಡುಕು ಒಂದು ದ್ರವ್ಯವಲ್ಲ, ಸ್ವಭಾವವಲ್ಲ, ಅದು ಒಳಿತಿನ ಕೊರತೆ. ಧರ್ಮಸಭೆ ಜನ್ಮಪಾಪವನ್ನು ಬೋಧಿಸುವಾಗಲೂ ಮಾನವ ಸ್ವಭಾವವೇ ಪಾಪವೆಂದು ಹೇಳುವುದಿಲ್ಲ, ಸ್ವಭಾವ ಗಾಯಗೊಂಡಿದೆ ಎನ್ನುತ್ತದೆ. ಗಾಯಕ್ಕೆ ಮದ್ದುಂಟು, ವಂಶವಾಹಿಗೆ ಪಶ್ಚಾತ್ತಾಪವಿಲ್ಲ. ಪಾಪವನ್ನು ದೇಹದ ಧಾತುವನ್ನಾಗಿ ಮಾಡಿದರೆ ಅದನ್ನು ನಿವೇದಿಸಲು ಯಾರೂ ಉಳಿಯುವುದಿಲ್ಲ. ಲೇಖಕಿಯ ತಂದೆಯ ಧ್ವಜ ಹೇಳುವ ಕಥೆಗೂ ಈ ರೂಪಕಕ್ಕೂ ಹೊಂದಾಣಿಕೆಯಿಲ್ಲ. ಪ್ರಬಂಧ ತನ್ನ ಅತ್ಯುತ್ತಮ ಒಳನೋಟವನ್ನು ತಾನೇ ಮಸುಕು ಮಾಡಿಕೊಂಡಿದೆ.

ಸತ್ಯಾಂಶದ ವಿಷಯದಲ್ಲಿಯೂ ಒಂದು ಎಡವಟ್ಟಾಯಿತು. ಬ್ರಿಟನ್ನಿನಿಂದ ಬೇರೆಯಾಗಲು ವಸಾಹತುಗಾರರಿಗಿದ್ದ ಮುಖ್ಯ ಕಾರಣಗಳಲ್ಲಿ ಒಂದು ಗುಲಾಮಗಿರಿಯನ್ನು ಉಳಿಸಿಕೊಳ್ಳುವುದು ಎಂದು ಪ್ರಬಂಧ ಬರೆದಿತ್ತು. ಗಾರ್ಡನ್ ವುಡ್, ಜೇಮ್ಸ್ ಮ್ಯಾಕ್‌ಫರ್ಸನ್, ಶಾನ್ ವಿಲೆಂಟ್ಸ್ ಮೊದಲಾದ ಐವರು ಇತಿಹಾಸಕಾರರು 2019ರ ಡಿಸೆಂಬರಿನಲ್ಲಿ ಆಕ್ಷೇಪಿಸಿದರು. ಪ್ರಕಟಣೆಗೆ ಮುನ್ನ ಸತ್ಯಾಂಶ ಪರಿಶೀಲನೆಗೆ ನೆರವಾಗಿದ್ದ ಇತಿಹಾಸಕಾರ್ತಿ ಲೆಸ್ಲಿ ಹ್ಯಾರಿಸ್ ತಾವು ಎಚ್ಚರಿಸಿದ್ದರೂ ಪತ್ರಿಕೆ ಕೇಳಲಿಲ್ಲವೆಂದು 2020ರ ಮಾರ್ಚ್‌ನಲ್ಲಿ ಬರೆದರು. ಅದೇ ತಿಂಗಳು ಪತ್ರಿಕೆ ಆ ವಾಕ್ಯವನ್ನು ತಿದ್ದಿ, ಕೆಲವು ವಸಾಹತುಗಾರರಿಗೆ ಮಾತ್ರ ಅದು ಕಾರಣವಾಗಿತ್ತೆಂದು ಸ್ಪಷ್ಟಪಡಿಸಿತು. ಗಮನಿಸಬೇಕಾದುದೆಂದರೆ, ಹ್ಯಾರಿಸ್ ತಪ್ಪನ್ನು ತೋರಿಸಿದ ಲೇಖನದಲ್ಲಿಯೇ, ಈ ಒಂದು ತಪ್ಪನ್ನು ಹಿಡಿದು ಇಡೀ ಯೋಜನೆಯನ್ನು ತಳ್ಳಿಹಾಕುವವರನ್ನೂ ಟೀಕಿಸಿದ್ದರು. ನಮ್ಮ ಕಣ್ಣಿಗೆ ಈ ಇಡೀ ವಾಗ್ವಾದದಲ್ಲಿ ಅತ್ಯಂತ ಸಮತೂಕದ ದನಿ ಅವರದು.

2. ಪ್ರವಾದಿಗಳ ಗೋರಿಯ ಮೇಲೆ ಹೂವು

‘1776 ವರದಿ’ಯನ್ನು ಹೊರತಂದ ದಿನವೇ ಅದರ ಮೊದಲ ವಾಕ್ಯದಂತಿದೆ. 2021ರ ಜನವರಿ 18 ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆಯ ರಜಾದಿನ. ಎರಡು ದಿನಗಳ ನಂತರ ಹೊಸ ಅಧ್ಯಕ್ಷರು ಅಧಿಕಾರ ವಹಿಸಿಕೊಂಡು ಆಯೋಗವನ್ನು ರದ್ದುಗೊಳಿಸಿದರು. ನಾಲ್ಕು ವರ್ಷಗಳ ತರುವಾಯ, 2025ರ ಜನವರಿ 29ರ ಆದೇಶದಲ್ಲಿ, ಹಿಂದಿನ ಅಧ್ಯಕ್ಷರು ಮರಳಿ ಬಂದು ಅದನ್ನು ಪುನಃ ಸ್ಥಾಪಿಸಿದರು. ಸರ್ಕಾರ ಬದಲಾದಂತೆ ಗತಕಾಲವೂ ಬದಲಾಗುವ ಈ ದೃಶ್ಯ ನಮಗೆ ಹೊಸತಲ್ಲ. 2022ರಲ್ಲಿಯೂ 2023ರಲ್ಲಿಯೂ ಕರ್ನಾಟಕದ ಶಾಲಾ ಪಠ್ಯಪುಸ್ತಕಗಳಲ್ಲಿ ಪಾಠಗಳು ಸೇರಿ, ಬಿಟ್ಟು, ಮತ್ತೆ ಸೇರಿದ್ದನ್ನು ನಾವೆಲ್ಲ ಕಂಡಿದ್ದೇವೆ.

ವರದಿಯ ದೈವಶಾಸ್ತ್ರೀಯ ನೆಲೆ ಗಟ್ಟಿಯಾದುದು ಎಂದು ಮೊದಲು ಒಪ್ಪಿಕೊಳ್ಳೋಣ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಗೊಂಡಿದ್ದಾರೆ, ಅವರ ಹಕ್ಕುಗಳು ಸರ್ಕಾರದ ಕೊಡುಗೆಯಲ್ಲ, ಸೃಷ್ಟಿಕರ್ತನ ಕೊಡುಗೆ ಎಂಬ ತತ್ವವನ್ನು ಅದು ತನ್ನ ತಳಪಾಯವಾಗಿ ಇಟ್ಟುಕೊಂಡಿದೆ. ಧಾರ್ಮಿಕ ವಿಶ್ವಾಸಕ್ಕೂ ಈ ತತ್ವಕ್ಕೂ ಇರುವ ನಂಟಿನ ಬಗ್ಗೆ ಒಂದು ಅನುಬಂಧವೇ ಇದೆ. ದೇವರ ಪ್ರತಿರೂಪವಾಗಿ ಮಾನವನನ್ನು ಕಾಣುವ ನಾವು ಇದನ್ನು ಹಗುರವಾಗಿ ಕಾಣಲಾರೆವು. ಫ್ರೆಡರಿಕ್ ಡಗ್ಲಾಸ್, ಕಿಂಗ್ ಇಬ್ಬರೂ ಇದೇ ತತ್ವದ ಮೇಲೆ ನಿಂತು ಮಾತಾಡಿದರೆಂಬ ವರದಿಯ ಮಾತೂ ನಿಜ.

ತೊಡಕು ಶುರುವಾಗುವುದು ತತ್ವದಿಂದ ಚರಿತ್ರೆಗೆ ಇಳಿಯುವಾಗ. ವರದಿಯಲ್ಲಿ ಗುಲಾಮಗಿರಿ ಬರುವುದು ಅಮೆರಿಕದ ತತ್ವಗಳಿಗೆ ಎದುರಾದ ಸವಾಲುಗಳ ಪಟ್ಟಿಯೊಂದರಲ್ಲಿ. ಅದೇ ಪಟ್ಟಿಯಲ್ಲಿ ಪ್ರಗತಿವಾದ, ಫ್ಯಾಸಿಸಂ, ಕಮ್ಯುನಿಸಂ, ಗುರುತಿನ ರಾಜಕಾರಣಗಳೂ ಇವೆ. ಫ್ಯಾಸಿಸಂ ಹೊರಗಿನಿಂದ ಬಂದ ಶತ್ರು. ಗುಲಾಮಗಿರಿಯನ್ನು ಅದರ ಜೊತೆಗಿಟ್ಟ ಕೂಡಲೇ ಮನೆಯೊಳಗಿನ ಪಾಪ ಹೊರಗಿನ ಶೋಧನೆಯಾಗಿಬಿಡುತ್ತದೆ. ದೇಶದ ಸ್ಥಾಪಕರು ಕಪಟಿಗಳೆಂಬ ಆರೋಪವನ್ನು ವರದಿ ಸುಳ್ಳೆಂದು ತಳ್ಳಿಹಾಕಿ, ಆ ಆರೋಪದಿಂದ ದೇಶಕ್ಕೆ ಅಪಾರ ಹಾನಿಯಾಗಿದೆ ಎನ್ನುತ್ತದೆ. ಆದರೆ ಸಮಾನತೆಯ ವಾಕ್ಯವನ್ನು ಬರೆದ ಜೆಫರ್ಸನ್ ತಮ್ಮ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಘೋಷಣೆಯ ಕರಡಿನಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಅವರೇ ಬರೆದಿದ್ದ ಭಾಗವನ್ನು ಸಭೆ ತೆಗೆದುಹಾಕಿತು. ವಾಷಿಂಗ್ಟನ್ ತಮ್ಮ ಉಯಿಲಿನಲ್ಲಿ ತಮ್ಮ ಗುಲಾಮರಿಗೆ ಬಿಡುಗಡೆ ಬರೆದರು, ಆದರೆ ಅದು ಪತ್ನಿಯ ಮರಣದ ನಂತರ ಜಾರಿಗೆ ಬರಬೇಕೆಂದಿತ್ತು. ಇಂಥವರನ್ನು ಕಪಟಿ ಎಂಬ ಒಂದು ಪದದಲ್ಲಿ ಮುಗಿಸುವುದು ಸೋಮಾರಿತನ ಎಂದರೆ ಒಪ್ಪಬಹುದು. ನಿರ್ದೋಷಿ ಎಂಬ ಒಂದು ಪದದಲ್ಲಿ ಮುಗಿಸುವುದೂ ಅಷ್ಟೇ ಸೋಮಾರಿತನ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಹೇಳುವ, ಒಳಿತನ್ನು ಬಯಸಿಯೂ ಕೆಡುಕನ್ನೇ ಮಾಡುವ ಮನುಷ್ಯನಿಗೆ ಈ ವರದಿಯಲ್ಲಿ ಜಾಗವಿಲ್ಲ.

ವರದಿಗೆ ಅಡಿಟಿಪ್ಪಣಿಗಳಿಲ್ಲ. ಅಮೆರಿಕದ ಇತಿಹಾಸವನ್ನೇ ವೃತ್ತಿಯಾಗಿ ಅಧ್ಯಯನ ಮಾಡುವವರು ಆಯೋಗದಲ್ಲಿ ಇರಲಿಲ್ಲ. ಅಮೆರಿಕದ ಇತಿಹಾಸಕಾರರ ಸಂಘ ಎರಡೇ ದಿನಗಳಲ್ಲಿ ಅದನ್ನು ಖಂಡಿಸಿತು. ಮೂಲನಿವಾಸಿಗಳ ಕಥೆ ಅದರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದ್ದರಿಂದ ಎರಡು ಪಠ್ಯಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ಎರಡರಲ್ಲಿಯೂ ತಪ್ಪಿದೆ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಒಂದು ತಪ್ಪು ಮಾಡಿತು, ಆಕ್ಷೇಪಕ್ಕೆ ಗುರಿಯಾಯಿತು, ತಡವಾಗಿಯಾದರೂ ತಿದ್ದಿಕೊಂಡಿತು. ಮತ್ತೊಂದು ತನ್ನನ್ನು ಯಾರೂ ಪರೀಕ್ಷಿಸದಂತೆ ರಚನೆಗೊಂಡಿತು, ತರುವಾಯ ಆಳುವವರ ಆಜ್ಞೆಯ ಬಲ ಪಡೆಯಿತು. 2025ರ ಮಾರ್ಚ್ 27ರ ಇನ್ನೊಂದು ಆದೇಶ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಗಳನ್ನೂ ರಾಷ್ಟ್ರೀಯ ಸ್ಮಾರಕಗಳನ್ನೂ ಇದೇ ದಾರಿಗೆ ತರಲು ಹೊರಟಿತು. ಹಿರಿಯರನ್ನು ಕೆಟ್ಟದಾಗಿ ತೋರಿಸುವ ಬರಹ ಕಂಡರೆ ತಿಳಿಸಿರಿ ಎಂದು ಸಂದರ್ಶಕರನ್ನು ಕೋರುವ ಫಲಕಗಳು ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಣಿಸಿಕೊಂಡವು.

ಮತ್ತಾಯನ ಶುಭಸಂದೇಶದ 23ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ, ಪ್ರವಾದಿಗಳ ಗೋರಿಗಳನ್ನು ಕಟ್ಟಿ ಅಲಂಕರಿಸುತ್ತಾ, ತಾವು ಪೂರ್ವಜರ ಕಾಲದಲ್ಲಿದ್ದಿದ್ದರೆ ಆ ಕೊಲೆಯಲ್ಲಿ ಪಾಲುಗೊಳ್ಳುತ್ತಿರಲಿಲ್ಲ ಎನ್ನುವವರನ್ನು ಕುರಿತು ಮಾತನಾಡುತ್ತಾರೆ. ಕಿಂಗ್ ಅವರ ದಿನದಂದು ಹೊರಬಂದ ಈ ವರದಿಯನ್ನು ಓದುವಾಗ ಆ ವಾಕ್ಯಗಳು ನಮ್ಮನ್ನು ಬಿಡಲಿಲ್ಲ. ಅವು ನಮ್ಮ ಕಡೆಗೂ ತಿರುಗುವ ವಾಕ್ಯಗಳೆಂಬುದನ್ನು ಮುಂದೆ ನೋಡಲಿದ್ದೇವೆ.

3. ಒಂದೇ ವಿಮೋಚನಾಕಾಂಡ, ಎರಡು ಓದು

ಇಂದಿನ ಘಟನೆಯನ್ನು ಹಿಂದಿನ ಕಥೆಯೊಡನೆ ಬೆಸೆಯುವುದು ಅಮೆರಿಕದ ಶಿಕ್ಷಕರು ಕಂಡುಹಿಡಿದ ಹೊಸ ವಿಧಾನವೇನಲ್ಲ. ಅದು ನಮ್ಮ ಸಭಾಪಿತೃಗಳ ಮುನ್ಸೂಚನಾ ವ್ಯಾಖ್ಯಾನದ ಮಗು. ಕೆಂಪು ಸಮುದ್ರದಲ್ಲಿ ಜ್ಞಾನಸ್ನಾನವನ್ನೂ ಮನ್ನದಲ್ಲಿ ಪರಮಪ್ರಸಾದವನ್ನೂ ಕಂಡವರು ಅವರು. 1776ರಲ್ಲಿ ಹೊಸ ರಾಷ್ಟ್ರದ ಮುದ್ರೆ ಹೇಗಿರಬೇಕೆಂಬ ಚರ್ಚೆ ಬಂದಾಗ, ಫರೋಹನ ಸೈನ್ಯ ಸಮುದ್ರದಲ್ಲಿ ಮುಳುಗುವ ಚಿತ್ರವನ್ನು ಫ್ರಾಂಕ್ಲಿನ್ ಸೂಚಿಸಿದರು. ಮರುಭೂಮಿಯಲ್ಲಿ ಮೇಘಸ್ತಂಭ ಅಗ್ನಿಸ್ತಂಭಗಳನ್ನು ಹಿಂಬಾಲಿಸುವ ಇಸ್ರಯೇಲರ ಚಿತ್ರವನ್ನು ಜೆಫರ್ಸನ್ ಸೂಚಿಸಿದರು. ಅವರ ದೃಷ್ಟಿಯಲ್ಲಿ ಬ್ರಿಟನ್ ಈಜಿಪ್ಟ್, ಅಮೆರಿಕ ಕಾನಾನ್. ಅದೇ ಹೊತ್ತಿನಲ್ಲಿ ಅವರ ತೋಟಗಳಲ್ಲಿ ದುಡಿಯುತ್ತಿದ್ದವರು ಅದೇ ಕಥೆಯನ್ನು ಕೇಳಿದರು. ಅವರ ಪಾಲಿಗೆ ಅಮೆರಿಕವೇ ಈಜಿಪ್ಟ್. ಗುಲಾಮರನ್ನು ಕತ್ತಲಲ್ಲಿ ಬಿಡುಗಡೆಯ ನಾಡಿಗೆ ಕರೆದೊಯ್ದ ಹ್ಯಾರಿಯೆಟ್ ಟಬ್‌ಮನ್‌ಗೆ ಮೋಶೆ ಎಂದೇ ಹೆಸರಾಯಿತು.

ಹಾಗಾದರೆ ಯಾವ ಓದು ಸರಿ? ಮುನ್ಸೂಚನಾ ವ್ಯಾಖ್ಯಾನಕ್ಕೆ ನಿಯಮವಿದೆ ಎಂಬುದನ್ನು ನಾವು ಮರೆಯಬಾರದು. ಕಥೆಯಲ್ಲಿ ತನಗೆ ಅನುಕೂಲವಾದ ಸ್ಥಾನವನ್ನು ಓದುಗನೇ ಆರಿಸಿಕೊಂಡರೆ ಅದು ವ್ಯಾಖ್ಯಾನವಾಗುವುದಿಲ್ಲ. ಆಮೋಸ ಪ್ರವಾದಿ ಇಸ್ರಯೇಲರಿಗೆ ಅವರದೇ ವಿಮೋಚನೆಯ ಕಥೆಯನ್ನು ನೆನಪಿಸಿದ್ದು ಅವರನ್ನು ಎಚ್ಚರಿಸಲಿಕ್ಕಾಗಿ. ಅವರ ಬಿಡುಗಡೆಯನ್ನು ಹೇಳಿದ ಬಾಯಿಯೇ ಫಿಲಿಷ್ಟಿಯರನ್ನೂ ಸಿರಿಯರನ್ನೂ ಕರೆತಂದವನು ಅದೇ ದೇವರೆಂದಿತು. ಧರ್ಮೋಪದೇಶಕಾಂಡದಲ್ಲಿ ಈಜಿಪ್ಟಿನ ದಾಸ್ಯದ ನೆನಪು ಬಂದಾಗಲೆಲ್ಲ ಅದರ ಬೆನ್ನಿಗೆ ಪರದೇಶಿಯ, ಅನಾಥನ, ವಿಧವೆಯ ಹಕ್ಕಿನ ಮಾತು ಬರುತ್ತದೆ. ನೆನಪು ನೆನೆಯುವವನ ಮೇಲೆ ಹೊಣೆ ಹೊರಿಸಿದರೆ ಅದು ಪ್ರವಾದಿಯ ನೆನಪು. ಆತನ ತಲೆಗೆ ಕಿರೀಟವಿಟ್ಟರೆ ಅದು ಫರೋಹನ ಆಸ್ಥಾನದ ನೆನಪು.

ಇನ್ನೊಂದು ಸಂಗತಿ ಇಲ್ಲಿ ಪಾಠವಾಗಬಲ್ಲದು. ಬೆಟ್ಟದ ಮೇಲಣ ಪಟ್ಟಣವೆಂಬ ಯೇಸುಸ್ವಾಮಿಯ ಮಾತನ್ನು ಅಮೆರಿಕಕ್ಕೆ ಅನ್ವಯಿಸುವವರು ಜಾನ್ ವಿಂತ್ರಪ್ ಅವರ 1630ರ ಪ್ರಬೋಧನೆಯನ್ನು ಉಲ್ಲೇಖಿಸುತ್ತಾರೆ. ಕೆನಡಿ 1961ರಲ್ಲಿ, ರೇಗನ್ 1989ರ ವಿದಾಯ ಭಾಷಣದಲ್ಲಿ ಅದನ್ನು ನೆನೆದರು. ವಿಂತ್ರಪ್ ಅದನ್ನು ಎಚ್ಚರಿಕೆಯಾಗಿ ಹೇಳಿದ್ದರು: ನಾವು ತಪ್ಪಿದರೆ ಲೋಕವೆಲ್ಲ ಕಂಡು ನಗುವುದು ಎಂಬುದು ಅದರ ಭಾವ. ಆ ಬರಹ ಎರಡು ಶತಮಾನ ಹಸ್ತಪ್ರತಿಯಾಗಿಯೇ ಇದ್ದು ಮೊದಲು ಅಚ್ಚಾದದ್ದು 1838ರಲ್ಲಿ. ಅಮೆರಿಕದ ಬುನಾದಿಯ ಪಠ್ಯವೆಂದು ಇಂದು ಹೇಳಲಾಗುವುದನ್ನು ಬುನಾದಿ ಹಾಕಿದವರು ಓದಿರಲೇ ಇಲ್ಲವೆಂದಾಯಿತು.

4. 1838ರ ಇನ್ನೊಂದು ಬರಹ

ಅದೇ 1838ರಲ್ಲಿ ನಮ್ಮವರೇ ಬರೆದ ಇನ್ನೊಂದು ಪಠ್ಯವಿದೆ. ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ತೋಟಗಳಲ್ಲಿದ್ದ 272 ಗುಲಾಮರನ್ನು ಲೂಸಿಯಾನದ ತೋಟದ ಒಡೆಯರಿಗೆ 1,15,000 ಡಾಲರಿಗೆ ಮಾರಿದ ಕರಾರುಪತ್ರ ಅದು. ಮಾರಾಟ ನಡೆಸಿದವರು ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಥಾಮಸ್ ಮಲೆಡಿ. ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಆ ಹಣದ ಒಂದು ಭಾಗ ಹೋಯಿತು. ಮಾರಾಟಗೊಂಡವರು ಜ್ಞಾನಸ್ನಾನ ಪಡೆದ ಕಥೋಲಿಕರು. ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅಡ್ಡಿ ಬರಬಾರದು, ಹಣವನ್ನು ಸಾಲಕ್ಕೆ ಬಳಸಬಾರದು ಎಂದು ರೋಮಿನಲ್ಲಿದ್ದ ಯೇಸುಸಭೆಯ ಮಹಾಶ್ರೇಷ್ಠರು ಷರತ್ತು ಹಾಕಿದ್ದರು. ಅವು ಪಾಲನೆಯಾಗಲಿಲ್ಲ. ಮರುವರ್ಷ, 1839ರ ಡಿಸೆಂಬರಿನಲ್ಲಿ, ಜಗದ್ಗುರು ಹದಿನಾರನೆಯ ಗ್ರೆಗರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸುವ ಪತ್ರ ಹೊರಡಿಸಿದರು. ಚಾರ್ಲ್ಸ್‌ಟನ್ನಿನ ಧರ್ಮಾಧ್ಯಕ್ಷ ಜಾನ್ ಇಂಗ್ಲೆಂಡ್ ಅವರು, ಈ ಪತ್ರ ಕಡಲಾಚೆಯಿಂದ ಗುಲಾಮರನ್ನು ತರುವ ವ್ಯಾಪಾರಕ್ಕೆ ಮಾತ್ರ ಸಂಬಂಧಿಸಿದ್ದು, ದೇಶದೊಳಗಿನ ಗುಲಾಮಗಿರಿಗೆ ಅಲ್ಲ ಎಂದು ವಾದಿಸಿ ಸಾಲು ಸಾಲು ಪತ್ರ ಬರೆದರು. ಆ ಹೊತ್ತಿನ ರಾಜಕೀಯ ಅವರಿಂದ ಆ ವ್ಯಾಖ್ಯಾನವನ್ನು ಬರೆಸಿತು.

ಈ ಕಥೆ ಬಹಿರಂಗವಾದ ಬಗೆಯನ್ನು ಗಮನಿಸಿ. ದಾಖಲೆಗಳು ಎಂದೂ ಕಳೆದುಹೋಗಿರಲಿಲ್ಲ. ಇತಿಹಾಸಕಾರರು ಅವನ್ನು ಓದಿದ್ದರು, ಬರೆದಿದ್ದರು. ಆದರೂ ಮಲೆಡಿಯವರ ಹೆಸರು ವಿಶ್ವವಿದ್ಯಾಲಯದ ಕಟ್ಟಡದ ಮೇಲೆ ನೆಮ್ಮದಿಯಾಗಿಯೇ ಇತ್ತು. 2015ರಲ್ಲಿ ಅಮೆರಿಕದ ಕ್ಯಾಂಪಸ್ಸುಗಳಲ್ಲಿ ಜನಾಂಗೀಯ ಅನ್ಯಾಯದ ವಿರುದ್ಧ ಪ್ರತಿಭಟನೆಗಳಾದಾಗ ಜಾರ್ಜ್‌ಟೌನಿನ ವಿದ್ಯಾರ್ಥಿಗಳೂ ಧರಣಿ ಕೂತರು. ಆಗ ಹೆಸರು ಇಳಿಯಿತು. 2017ರ ಏಪ್ರಿಲ್ 18ರಂದು ಸ್ಮರಣೆ ಮತ್ತು ಪಶ್ಚಾತ್ತಾಪದ ಪ್ರಾರ್ಥನಾವಿಧಿ ನಡೆದು, ಯೇಸುಸಭೆಯ ಪರವಾಗಿ ಟಿಮೊಥಿ ಕೆಸಿಕಿ ಸ್ವಾಮಿಗಳು ಮಾರಾಟಗೊಂಡವರ ವಂಶಜರ ಮುಂದೆ ಕ್ಷಮೆ ಬೇಡಿದರು. ಕಟ್ಟಡಕ್ಕೆ ಐಸಾಕ್ ಹಾಕಿನ್ಸ್ ಎಂಬ ಹೆಸರಿಡಲಾಯಿತು. ಮಾರಾಟದ ದಾಖಲೆಯಲ್ಲಿದ್ದ ಮೊದಲ ಹೆಸರು ಅದು. 2021ರಲ್ಲಿ ಯೇಸುಸಭೆ ವಂಶಜರೊಡನೆ ಸೇರಿ ಸ್ಥಾಪಿಸಿದ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರ್ ನೀಡುವುದಾಗಿ ವಚನವಿತ್ತಿತು.

ನಮ್ಮ ವಿಮರ್ಶೆಯ ಅಳತೆಗೋಲು ಇಲ್ಲಿ ದೊರೆಯುತ್ತದೆ. ದಾಖಲೆಗೆ ಪ್ರಶ್ನೆ ಕೇಳಿದ್ದು ಅಂದಿನ ರಾಜಕೀಯ ಘಟನೆ. ಉತ್ತರ ಕೊಟ್ಟಿದ್ದು ದಾಖಲೆ. ವರ್ತಮಾನಕ್ಕೆ ಪ್ರಶ್ನೆ ಕೇಳುವ ಹಕ್ಕಿದೆ, ಉತ್ತರವನ್ನು ಬರೆದುಕೊಡುವ ಹಕ್ಕಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ ಕಾಲದ ಚಿಹ್ನೆಗಳನ್ನು ಪರಿಶೋಧಿಸಿ ಶುಭಸಂದೇಶದ ಬೆಳಕಿನಲ್ಲಿ ಅರ್ಥೈಸಬೇಕೆಂದಾಗ ಈ ಎರಡು ಹೆಜ್ಜೆಗಳನ್ನೂ ಹೇಳಿತ್ತು. ಚಿಹ್ನೆ ಕೇಳಿಸುತ್ತದೆ, ಬೆಳಕು ಬೇರೆಡೆಯಿಂದ ಬರುತ್ತದೆ. 1619 ಪ್ರಾಜೆಕ್ಟ್ ಸರಿಯಾದ ಪ್ರಶ್ನೆ ಕೇಳಿ, ಒಂದೆರಡು ಕಡೆ ಉತ್ತರವನ್ನೂ ತಾನೇ ಬರೆಯಲು ಹೋಗಿ ಎಡವಿತು. 1776 ವರದಿ ಪ್ರಶ್ನೆಯನ್ನೇ ಮುಚ್ಚಲು ಹೊರಟಿತು.

5. ಯೆಜೆಕಿಯೇಲನೂ ನೆಹೆಮೀಯನೂ

2021ರಿಂದೀಚೆಗೆ ಅಮೆರಿಕದ ಹಲವು ರಾಜ್ಯಗಳು ತರಗತಿಯಲ್ಲಿ ಜನಾಂಗದ ವಿಷಯವನ್ನು ಹೇಗೆ ಬೋಧಿಸಬಾರದೆಂದು ಕಾನೂನು ಮಾಡಿವೆ. ಫ್ಲಾರಿಡದ 2022ರ ಕಾನೂನು ಒಂದು ಉದಾಹರಣೆ. ತನ್ನ ಜನಾಂಗದವರು ಹಿಂದೆ ಮಾಡಿದ ಕೃತ್ಯಗಳಿಗೆ ಇಂದಿನ ವಿದ್ಯಾರ್ಥಿ ಹೊಣೆಗಾರನೆಂದೂ, ಅದಕ್ಕಾಗಿ ಅವನು ಅಪರಾಧಭಾವ ಪಡಬೇಕೆಂದೂ ಬೋಧಿಸಕೂಡದು ಎಂಬುದು ಅದರ ಆಶಯ. ಈ ಮಾತಿನಲ್ಲಿ ಸತ್ಯವಿದೆ. ತಂದೆಗಳು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆಂಬ ಗಾದೆಯನ್ನು ಯೆಜೆಕಿಯೇಲ ಪ್ರವಾದಿ 18ನೆಯ ಅಧ್ಯಾಯದಲ್ಲಿ ನಿರಾಕರಿಸುತ್ತಾನೆ. ಪಾಪದ ದೋಷ ವ್ಯಕ್ತಿಯದು. ಮಗ ತಂದೆಯ ದೋಷವನ್ನು ಹೊರುವುದಿಲ್ಲ. ಹತ್ತು ವರ್ಷದ ಮಗುವನ್ನು ಅದರ ಚರ್ಮದ ಬಣ್ಣಕ್ಕಾಗಿ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸುವ ಶಿಕ್ಷಕ ಪವಿತ್ರಗ್ರಂಥಕ್ಕೆ ವಿರುದ್ಧವಾಗಿ ನಡೆಯುತ್ತಿದ್ದಾನೆ.

ಆದರೆ ಪವಿತ್ರಗ್ರಂಥದಲ್ಲಿ ಯೆಜೆಕಿಯೇಲ ಒಬ್ಬನೇ ಇಲ್ಲ. ನೆಹೆಮೀಯನ ಗ್ರಂಥದ 9ನೆಯ ಅಧ್ಯಾಯದಲ್ಲಿ ಸೆರೆಯಿಂದ ಮರಳಿದ ಜನರು ಗೋಣಿತಟ್ಟು ಉಟ್ಟು ನಿಂತು ತಮ್ಮ ಪಾಪಗಳೊಡನೆ ಪೂರ್ವಜರ ಪಾಪಗಳನ್ನೂ ನಿವೇದಿಸುತ್ತಾರೆ. ದಾನಿಯೇಲನ 9ನೆಯ ಅಧ್ಯಾಯದಲ್ಲಿಯೂ ಅದೇ ಪ್ರಾರ್ಥನೆ. ಅವರನ್ನು ಯಾರೂ ಒತ್ತಾಯಿಸಿರಲಿಲ್ಲ. ಪೂರ್ವಜರ ದೇವರನ್ನು, ನಾಡನ್ನು, ವಾಗ್ದಾನವನ್ನು ತಮ್ಮದೆಂದು ಪಡೆದವರು ಪೂರ್ವಜರ ಸಾಲವನ್ನು ಮಾತ್ರ ಬೇರೆಯವರದೆನ್ನಲು ಅವರ ಮನಸ್ಸಾಕ್ಷಿ ಒಪ್ಪಲಿಲ್ಲ.

ಈ ಎರಡು ಸತ್ಯಗಳನ್ನು ಹೇಗೆ ಒಟ್ಟಿಗೆ ಹಿಡಿಯಬೇಕೆಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ‘ಸ್ಮರಣೆ ಮತ್ತು ಸಮಾಧಾನ’ ಎಂಬ ದಸ್ತಾವೇಜಿನಲ್ಲಿ ವಿಚಾರಮಾಡಿದೆ. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಧರ್ಮಸಭೆಯ ಮಕ್ಕಳ ಗತಕಾಲದ ತಪ್ಪುಗಳಿಗಾಗಿ ದೇವರ ಕ್ಷಮೆ ಬೇಡಿದ ಸಂದರ್ಭದಲ್ಲಿ ಅದು ಪ್ರಕಟವಾಯಿತು. ದೋಷ ಮಾಡಿದವನೊಡನೆ ತೀರಿಹೋಗುತ್ತದೆ, ಆದರೆ ಅದು ಲೋಕದಲ್ಲಿ ಬಿಟ್ಟುಹೋದ ಪರಿಣಾಮ ಉಳಿಯುತ್ತದೆ, ಆ ಪರಿಣಾಮದ ಹೊಣೆಯನ್ನು ಬದುಕಿರುವವರು ಹೊರಬಹುದು. ಕ್ಷಮೆ ಬೇಡುವ ಮುನ್ನ ನಡೆದದ್ದು ಏನೆಂದು ಇತಿಹಾಸದ ವಿಧಾನದಿಂದಲೇ ಖಚಿತಪಡಿಸಿಕೊಳ್ಳಬೇಕು. ಇವೆರಡು ಅದರ ಮುಖ್ಯ ಮಾತುಗಳು. ಅಪರಾಧಭಾವಕ್ಕೂ ಹೊಣೆಗಾರಿಕೆಗೂ ಇರುವ ಈ ಗೆರೆ ಫ್ಲಾರಿಡದ ಕಾನೂನಿಗೆ ಕಾಣಲಿಲ್ಲ. ಅದನ್ನು ವಿರೋಧಿಸುವ ಕೆಲವರಿಗೂ ಕಾಣುವುದಿಲ್ಲ. ಜಾರ್ಜ್‌ಟೌನಿನಲ್ಲಿ ಕ್ಷಮೆ ಬೇಡಿದ ಗುರುಗಳು ಯಾರನ್ನೂ ಮಾರಿದವರಲ್ಲ. ಆದರೆ ಆ ಮಾರಾಟದಿಂದ ಉಳಿದ ಮನೆಯಲ್ಲಿ ವಾಸಿಸುತ್ತಿದ್ದವರು.

6. ನಮ್ಮ ತರಗತಿ

ಕಳೆದ ವರ್ಷ ನಮ್ಮ ತರಗತಿಯಲ್ಲಿ 1838ರ ಮಾರಾಟದ ಕಥೆಯನ್ನು ಓದಿಸಿದೆವು. ಅಮೆರಿಕದವರನ್ನು ಟೀಕಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಸುಲಭವಾಗಿತ್ತು. ಮಾತೆಲ್ಲ ಮುಗಿದ ಮೇಲೆ ಹಿಂದಿನ ಸಾಲಿನ ಗುರು ಅಭ್ಯರ್ಥಿಯೊಬ್ಬರು ಎದ್ದುನಿಂತು, “ಫಾದರ್, ನಮ್ಮೂರಿನ ಸ್ಮಶಾನದಲ್ಲಿ ನಮ್ಮ ತಾತನ ಗೋರಿ ಗೋಡೆಯ ಆಚೆ ಇದೆ. ಅದನ್ನು ಯಾವ ಪಾಠದಲ್ಲಿ ಓದುತ್ತೇವೆ?” ಎಂದು ಕೇಳಿದರು. ತರಗತಿ ಮೌನವಾಯಿತು. ನಾವೂ ಮೌನವಾದೆವು. ಹದಿನಾಲ್ಕು ವರ್ಷ ಧರ್ಮಸಭೆಯ ಇತಿಹಾಸ ಬೋಧಿಸಿದ ನಮ್ಮ ಟಿಪ್ಪಣಿಗಳಲ್ಲಿ ಆ ಗೋಡೆ ಇರಲಿಲ್ಲ.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಅಸ್ಪೃಶ್ಯತೆ ಧರ್ಮಸಭೆಯ ಒಳಗೂ ಇದೆ ಎಂದು ಒಪ್ಪಿಕೊಂಡಿದೆ. ಈ ಒಪ್ಪಿಗೆ ನಮ್ಮ ಪಠ್ಯಕ್ರಮಕ್ಕೆ ಎಷ್ಟು ಇಳಿದಿದೆ? ಕರಾವಳಿಯ ಕಥೋಲಿಕರು 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಅನುಭವಿಸಿದ ಸೆರೆಯನ್ನು ನಾವು ಕಲಿಸುತ್ತೇವೆ. ಕಲಿಸಲೇಬೇಕು, ಅದು ನಡೆದ ನೋವು. 2015ರಿಂದ ಟಿಪ್ಪು ಜಯಂತಿಯ ಸುತ್ತ ರಾಜಕೀಯದ ಗಲಾಟೆ ಎದ್ದಾಗ ಆ ನೋವನ್ನು ಎರವಲು ಕೇಳಿಕೊಂಡು ಬಂದವರನ್ನೂ ನಾವು ನೋಡಿದ್ದೇವೆ. ನಾವು ನೊಂದ ಕಥೆಯನ್ನು ಹೇಳಲು ಸದಾ ಸಿದ್ಧರಿದ್ದು, ನಾವು ನೋಯಿಸಿದ ಕಥೆಗೆ ಅಡಿಟಿಪ್ಪಣಿಯನ್ನೂ ಕೊಡದಿದ್ದರೆ, ನಾವು ಬರೆಯುತ್ತಿರುವುದೂ ಒಂದು ‘1776 ವರದಿ’ಯೇ. ಪ್ರವಾದಿಗಳ ಗೋರಿ ಅಲಂಕರಿಸುವವರ ಕುರಿತು ಶುಭಸಂದೇಶ ಹೇಳಿದ ಮಾತು ನಮ್ಮ ಕಡೆಗೆ ತಿರುಗುವುದು ಇಲ್ಲಿ.

ಅಮೆರಿಕದ ಜಗಳದಿಂದ ನಾವು ಯಾವ ಪಕ್ಷವನ್ನೂ ಆಮದು ಮಾಡಿಕೊಳ್ಳಬೇಕಾಗಿಲ್ಲ. ಪ್ರಾಯಶ್ಚಿತ್ತ ಸಂಸ್ಕಾರವನ್ನು ಬಲ್ಲ ನಮಗೆ ಗತಕಾಲವನ್ನು ಬೋಧಿಸುವ ಕ್ರಮ ಗೊತ್ತೇ ಇದೆ. ಆತ್ಮಶೋಧನೆ, ಪಶ್ಚಾತ್ತಾಪ, ನಿವೇದನೆ, ಪರಿಹಾರ. 1619 ಪ್ರಾಜೆಕ್ಟ್ ಆತ್ಮಶೋಧನೆಯನ್ನು ಧೈರ್ಯದಿಂದ ಮಾಡಿತು, ಆದರೆ ಅದರ ಡಿಎನ್ಎ ರೂಪಕ ಕ್ಷಮೆಯ ಬಾಗಿಲನ್ನು ಮುಚ್ಚುತ್ತದೆ. 1776 ವರದಿ ನೇರವಾಗಿ ಪಾಪಕ್ಷಮೆಗೆ ಹೋಗಿ, ನಿವೇದನೆಯೇ ಬೇಡವೆಂದಿತು. ಇಂದು ಧರ್ಮಸಭೆಯನ್ನು ಮುನ್ನಡೆಸುತ್ತಿರುವ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಶಿಕಾಗೋದಲ್ಲಿ ಹುಟ್ಟಿದವರು. ಅವರ ತಾಯಿಯ ಕಡೆಯ ಹಿರಿಯರು ಅದೇ ಲೂಸಿಯಾನದ ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಜನರು. ಅಮೆರಿಕದ ಕಥೆ ಯಾವ ವರ್ಷದಿಂದ ತೊಡಗಿದರೂ ಅದು ಈಗ ನಮ್ಮ ಕಥೆಯ ಒಳಗೂ ಇದೆ.

ಆ ಗುರು ಅಭ್ಯರ್ಥಿಯ ಪ್ರಶ್ನೆಗೆ ಅಂದು ನಾವು ಉತ್ತರಿಸಲಿಲ್ಲ. ಈ ವರ್ಷದ ಪಠ್ಯದಲ್ಲಿ ಒಂದು ಅಭ್ಯಾಸವನ್ನು ಸೇರಿಸಿದ್ದೇವೆ. ಪ್ರತಿಯೊಬ್ಬ ವಿದ್ಯಾರ್ಥಿ ರಜೆಯಲ್ಲಿ ತನ್ನ ಧರ್ಮಕೇಂದ್ರದ ಜ್ಞಾನಸ್ನಾನ ಮತ್ತು ಮರಣದ ದಾಖಲೆಗಳನ್ನು ಓದಿ, ಸ್ಮಶಾನವನ್ನು ಸುತ್ತಿ, ಅಲ್ಲಿನ ಗೋಡೆಗಳ ನಕ್ಷೆ ಬರೆದು ತರಬೇಕು. ದಾಖಲೆ ಏನು ಹೇಳುತ್ತದೆಂದು ಮೊದಲು ಕೇಳೋಣ.